16.5 ಮಿಲಿಮೀಟರ್ ಹಳಿ, ನಡುವೆ ತಲಪಾಡಿ ಗಡಿ

ಕಾಸರಗೋಡು ರೈಲ್ವೇ ಸ್ಟೇಷನ್ನಿನಿಂದ ಕೂಗಳತೆ ದೂರದಲ್ಲಿ, ಮಾಳಿಗೆಯ ಮೇಲೊಂದು ಕೋಣೆ ಖಾಲಿ ಬಿದ್ದಿದೆ. ಅಲ್ಲಿ ಮಾಡೆಲ್ ರೈಲುಗಳ ಅಂಗಡಿ ಹಾಕಬೇಕೆಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಆಸೆ. ದುಬೈಯಲ್ಲಿ ಆರು ವರ್ಷ ದುಡಿದು ಬಂದವ. ಬರುವಾಗ ಚಿನ್ನದ ಬದಲು ಎರಡು ಎಂಜಿನ್, ಐದು ಬೋಗಿ, ಒಂದು ಪೆಟ್ಟಿಗೆ ಹಳಿ ತಂದಿದ್ದಾನೆ. "ಎಂತ ಹೇಳ್ತೀರಿ ಮಾಷ್ಟ್ರೇ, ಓಡ್ತದಾ?" ಎಂದು ಕೇಳಿದ. ರೈಲಿನ ಬಗ್ಗೆ ಕೇಳಿದ್ದೋ ಅಂಗಡಿಯ ಬಗ್ಗೆಯೋ ನನಗೆ ತಿಳಿಯಲಿಲ್ಲ. "ಲೆಕ್ಕ ಹಾಕುವ" ಎಂದೆ. ಹಾಕಿದ ಲೆಕ್ಕ ಇಲ್ಲಿದೆ.

ನಮ್ಮೂರಿನವರಿಗೆ ರೈಲೆಂದರೆ ಹುಚ್ಚು, ಅದೇನೋ ನಿಜ. 1907ರಲ್ಲಿ ಮಂಗಳೂರಿನವರೆಗೆ ಹಳಿ ಬಂದಂದಿನಿಂದ ಕುಂಬಳೆ, ಉಪ್ಪಳ, ಮಂಜೇಶ್ವರದವರ ದಿನಚರಿ ಗಾಡಿಯ ಹೊತ್ತಿಗೆ ಹೊಂದಿಕೊಂಡೇ ಬಂದಿದೆ. ಕಾಲೇಜಿಗೆ, ಆಸ್ಪತ್ರೆಗೆ, ಮದುವೆ ಜವಳಿಗೆ ಎಲ್ಲದಕ್ಕೂ ಮಂಗಳೂರು ಗಾಡಿ. 2023ರ ಸೆಪ್ಟೆಂಬರ್‌ನಲ್ಲಿ ಕೇಸರಿ ಬಣ್ಣದ ವಂದೇ ಭಾರತ್ ಇಲ್ಲಿಂದಲೇ ತಿರುವನಂತಪುರಕ್ಕೆ ಹೊರಟಾಗ ಪ್ಲ್ಯಾಟ್‌ಫಾರ್ಮಿನಲ್ಲಿ ಫೋನು ಎತ್ತಿ ಹಿಡಿದವರೇ ಎಲ್ಲ. ಇವನ ಧೈರ್ಯಕ್ಕೆ ಆ ದೃಶ್ಯವೇ ಕಾರಣ. ಆದರೆ ರೈಲು ನೋಡುವವನು ಬೇರೆ, ರೈಲು ಕೊಳ್ಳುವವನು ಬೇರೆ. ಯಕ್ಷಗಾನ ನೋಡಿದವರೆಲ್ಲ ಕಿರೀಟ ಕೊಂಡು ಮನೆಗೆ ಹೋಗುವುದಿಲ್ಲ.

ಇಂಥ ಅಂಗಡಿಯ ಮೆಟ್ಟಿಲು ಹತ್ತುವವರಲ್ಲಿ ಹೆಚ್ಚಿನವರು ಮಗುವಿನ ಕೈ ಹಿಡಿದುಕೊಂಡು ಬರುತ್ತಾರೆ. ಬೆಲೆ ಕೇಳುತ್ತಾರೆ, "ಆನ್‌ಲೈನಿನಲ್ಲಿ ಇದಕ್ಕಿಂತ ಕಮ್ಮಿಗೆ ಉಂಟಲ್ಲ" ಎನ್ನುತ್ತಾರೆ, ಇಳಿದು ಹೋಗುತ್ತಾರೆ. ಅವರ ಮಾತು ಸುಳ್ಳೂ ಅಲ್ಲ. ಬ್ಯಾಟರಿ ಹಾಕಿದರೆ ಸುತ್ತುವ ಪ್ಲಾಸ್ಟಿಕ್ ರೈಲು ಕುಂಬಳೆ ಜಾತ್ರೆಯ ಬೆಡಿಯ ಸಂತೆಯಲ್ಲೂ ಸಿಗುತ್ತದೆ. ಅದಕ್ಕೂ ಅಳತೆ ಹಿಡಿದು ಮಾಡಿದ ಮಾಡೆಲ್‌ಗೂ ಇರುವ ವ್ಯತ್ಯಾಸ ಕೈಯಲ್ಲಿ ಹಿಡಿದು ನೋಡಿದವನಿಗಷ್ಟೇ ಗೊತ್ತು. ಉಳಿದವರಲ್ಲಿ ಕೆಲವರು ಸಂಗ್ರಹಕಾರರು. ವರ್ಷಕ್ಕೆ ಒಂದೋ ಎರಡೋ ಎಂಜಿನ್ ಕೊಂಡು ಗಾಜಿನ ಕಪಾಟಿನಲ್ಲಿಟ್ಟರೆ ಅವರ ಕೆಲಸ ಮುಗಿಯಿತು. ಅಂಗಡಿಯನ್ನು ನಿಜವಾಗಿ ಸಾಕುವವನು ಬೇರೊಬ್ಬ. ಅವನು ಮನೆಯ ಕೋಣೆಯಲ್ಲೋ ಮಾಳಿಗೆಯಲ್ಲೋ ಹಲಗೆ ಹಾಸಿ, ಹಳಿ ಜೋಡಿಸಿ, ಗುಡ್ಡ, ಸುರಂಗ, ಸ್ಟೇಷನ್ ಕಟ್ಟುತ್ತಾ ಹೋಗುವ ಲೇಔಟ್ ಹುಚ್ಚಿನವ. ಅವನಿಗೆ ವಾರ ವಾರವೂ ಏನಾದರೊಂದು ಬೇಕು. ಇವತ್ತು ಗೋಂದು, ನಾಳೆ ವೈರು, ನಾಡಿದ್ದು ಒಂದು ಜೊತೆ ಚಕ್ರ. ಇಂಥವರು ಇಡೀ ಜಿಲ್ಲೆ ಹುಡುಕಿದರೂ ಬೆರಳೆಣಿಕೆಯಷ್ಟೇ ಸಿಕ್ಕಾರು.

ಈಗ ಲೆಕ್ಕ. ಬಾಡಿಗೆ, ಕರೆಂಟು, ಇಂಟರ್ನೆಟ್ಟು, ಒಬ್ಬ ಸಹಾಯಕನ ಸಂಬಳ ಎಲ್ಲ ಸೇರಿ ತಿಂಗಳಿಗೆ 30,000 ರೂಪಾಯಿ ಎಂದಿಟ್ಟುಕೊಳ್ಳಿ. 100 ರೂಪಾಯಿ ವ್ಯಾಪಾರದಲ್ಲಿ 25 ಉಳಿಯುತ್ತದೆ ಎಂದು ಧಾರಾಳವಾಗಿಯೇ ಹಿಡಿಯೋಣ. ಕೈಯಿಂದ ಹಾಕದೆ ಬಾಗಿಲು ತೆರೆದಿಡಲು ತಿಂಗಳಿಗೆ 1,20,000 ರೂಪಾಯಿಯ ವ್ಯಾಪಾರ ಆಗಬೇಕು. ಒಬ್ಬ ಗಿರಾಕಿ ಸರಾಸರಿ 4,000 ಖರ್ಚು ಮಾಡಿದರೆ 30 ಗಿರಾಕಿಗಳು, ಅಂದರೆ ದಿನಕ್ಕೊಬ್ಬ. ದಿನಕ್ಕೊಬ್ಬ ಗಿರಾಕಿ ಎಂದರೆ ಗೂಡಂಗಡಿಯವನೂ ನಗುತ್ತಾನೆ, ಆದರೆ ಈ ವ್ಯಾಪಾರದಲ್ಲಿ ಆ ಒಬ್ಬ ಸಿಗುವುದೇ ಕಷ್ಟ. ಮೇಲಾಗಿ ಇವನ ಮನೆಯ ಅಕ್ಕಿ, ಮೀನಿನ ಖರ್ಚು ಈ ಲೆಕ್ಕದಲ್ಲಿ ಸೇರಿಲ್ಲ.

ಸರಕಿನದು ಇನ್ನೊಂದು ತಲೆಬಿಸಿ. ಬಟ್ಟೆ ಅಂಗಡಿಯಲ್ಲಿ ನೀಲಿ ಇಲ್ಲದಿದ್ದರೆ ಹಸಿರು ತೋರಿಸಿ ಒಪ್ಪಿಸಬಹುದು. ಎಡಕ್ಕೆ ತಿರುಗುವ ಪಾಯಿಂಟ್ (ಹಳಿ ಕವಲೊಡೆಯುವ ತುಂಡು) ಕೇಳಿ ಬಂದವನಿಗೆ ಬಲಕ್ಕೆ ತಿರುಗುವುದನ್ನು ಕೊಡಲಾಗುವುದಿಲ್ಲ. ಎಚ್‌ಒ ಅಳತೆ ಎಂದರೆ ನಿಜದ 87ರಲ್ಲಿ ಒಂದು ಪಾಲು, ಎರಡು ಹಳಿಗಳ ನಡುವಿನ ಅಗಲ (ಗೇಜ್) 16.5 ಮಿ.ಮೀ. ಎನ್ ಅಳತೆ ಎಂದರೆ 160ರಲ್ಲಿ ಒಂದು ಪಾಲು, ಹಳಿ 9 ಮಿ.ಮೀ. ಒಂದರ ಬೋಗಿ ಇನ್ನೊಂದರ ಹಳಿಯ ಮೇಲೆ ನಿಲ್ಲದು. ಎರಡನ್ನೂ ಇಟ್ಟರೆ ಬಂಡವಾಳ ಇಮ್ಮಡಿ, ಒಂದನ್ನೇ ಇಟ್ಟರೆ ಇರುವ ನಾಲ್ಕು ಗಿರಾಕಿಗಳಲ್ಲಿ ಇಬ್ಬರು ಹೋದರು. ಮನೆಯ ಜಾಗ ನೋಡಿದರೆ ನಮ್ಮವರಿಗೆ ಎನ್ ಒಗ್ಗಬೇಕು. ಎಂಟು ಬೋಗಿಯ ವಂದೇ ಭಾರತ್ 192 ಮೀಟರ್ ಉದ್ದ. ಎಚ್‌ಒದಲ್ಲಿ ಅದು 2.2 ಮೀಟರ್ ಆಗುತ್ತದೆ, ಎನ್‌ನಲ್ಲಿ 1.2 ಮೀಟರ್. ಆದರೂ ಆರಂಭದವರು ಹೆಚ್ಚಾಗಿ ಎಚ್‌ಒವನ್ನೇ ಹಿಡಿಯುತ್ತಾರೆ. ಕೈಗೆ ಸಿಗುವಂತಿದೆ, ಕಣ್ಣಿಗೆ ತುಂಬುವಂತಿದೆ. ನನ್ನ ವಯಸ್ಸಿನವರ ಕಣ್ಣಿಗಂತೂ ಎನ್ ಬೇಡವೇ ಬೇಡ.

ಇವನ ಮೂಲ ಯೋಜನೆ ಹೊರದೇಶದ ಒಳ್ಳೆಯ ಮಾಲು ತರಿಸಿ ಮಾರುವುದು. ಅದು ಸುಂಕದ ಕಟ್ಟೆಯಲ್ಲೇ ಮುಗ್ಗರಿಸುತ್ತದೆ. 2020ರ ಬಜೆಟ್ಟಿನಲ್ಲಿ ಆಟಿಕೆಗಳ ಆಮದು ಸುಂಕ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70ಕ್ಕೆ. ಸುಂಕದ ಪಟ್ಟಿಯ 9503ನೇ ಶೀರ್ಷಿಕೆಯಲ್ಲಿ ಗೊಂಬೆ, ತ್ರಿಚಕ್ರ ಸೈಕಲ್ಲಿನ ಜೊತೆಗೇ ಅಳತೆಗೆ ಕುಗ್ಗಿಸಿದ ಮಾಡೆಲ್‌ಗಳೂ ಇವೆ. 70ರ ಲೆಕ್ಕ ಹಿಡಿದರೆ 10,000 ರೂಪಾಯಿಯ ಎಂಜಿನ್ ಬಂದರು ದಾಟುವಾಗ 17,000 ಆಗುತ್ತದೆ. ಅದರ ಮೇಲೆ ಶೇ. 18ರ ಜಿಎಸ್‌ಟಿ ಹಾಕಿದರೆ 20,060. ಸಾಗಾಟದ ಖರ್ಚು, ಅಂಗಡಿಯವನ ಲಾಭ ಇನ್ನೂ ಬಂದಿಲ್ಲ. ದರ ಬಜೆಟ್ಟಿನಿಂದ ಬಜೆಟ್ಟಿಗೆ ಅಲುಗಾಡುವುದರಿಂದ ಮಾಲು ಬುಕ್ ಮಾಡುವ ದಿನ ಒಂದು ಲೆಕ್ಕ, ಬಂದು ಮುಟ್ಟುವ ದಿನ ಇನ್ನೊಂದು ಎಂದಾಗುವ ಅಪಾಯವೂ ಉಂಟು.

ಸುಂಕ ಏರಿಸಿದ್ದೇ ತಪ್ಪು ಎಂದು ನಾನು ಹೇಳುವುದಿಲ್ಲ. ಕಳಪೆ ಬಣ್ಣ ಬಳಿದ ಅಗ್ಗದ ಆಟಿಕೆಗಳು ರಾಶಿ ರಾಶಿ ಬಂದು ಬೀಳುತ್ತಿದ್ದ ಕಾಲದಲ್ಲಿ ನಮ್ಮ ತಯಾರಕರಿಗೆ ಒಂದು ಆಸರೆ ಬೇಕಿತ್ತು. ಆದರೆ ಅಳತೆ ತಪ್ಪದ ರೈಲು ಮಾಡೆಲ್ ಮಾಡುವವರು ನಮ್ಮಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಬಿತ್ತದ ಗದ್ದೆಗೆ ಬೇಲಿ ಹಾಕಿದ ಹಾಗಾಗಿದೆ.

ಗುಣಮಟ್ಟದ ನಿಯಮ ಇನ್ನೂ ವಿಚಿತ್ರ. ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ. 14 ವರ್ಷದೊಳಗಿನ ಮಕ್ಕಳು ಆಡುವ ವಸ್ತುವಿಗೆ ಐಎಸ್‌ಐ ಗುರುತು ಬೇಕೇಬೇಕು. ಕರೆಂಟಿನ ಆಟಿಕೆಯಾದರೆ ಐಎಸ್ 15644 ಎಂಬ ಮಾನದಂಡದ ಪರೀಕ್ಷೆ. ಈ ಪರವಾನಗಿ ಅಂಗಡಿಯವನು ಅರ್ಜಿ ಹಾಕಿ ತೆಗೆದುಕೊಳ್ಳುವಂಥದ್ದಲ್ಲ, ಮಾಲು ತಯಾರಾಗುವ ಕಾರ್ಖಾನೆ ತೆಗೆದುಕೊಳ್ಳಬೇಕು. ಕಾಸರಗೋಡಿನ ಒಬ್ಬ ವ್ಯಾಪಾರಿ ವರ್ಷಕ್ಕೆ ತರಿಸುವ ಹತ್ತು ಸೆಟ್ಟಿಗಾಗಿ ಜರ್ಮನಿಯ ಕಾರ್ಖಾನೆ ಆ ತಾಪತ್ರಯಕ್ಕೆ ಕೈಹಾಕುತ್ತದೆಯೇ? ದೊಡ್ಡವರ ಸಂಗ್ರಹಕ್ಕೆಂದು ಮಾಡಿದ ಮಾಡೆಲ್‌ಗಳ ಪೆಟ್ಟಿಗೆಯ ಮೇಲೆ 14ರ ಮೇಲಿನ ವಯಸ್ಸು ಬರೆದಿರುತ್ತದೆ. ಅದನ್ನು ಆಟಿಕೆಯಲ್ಲ ಎಂದು ವಾದಿಸಲು ದಾರಿ ಇದೆ. ಆದರೆ ಅದೇ ಕಂಪನಿ ಚಿಕ್ಕ ಮಕ್ಕಳಿಗೆಂದು ಮಾಡುವ ಸೆಟ್ ಇರುತ್ತದಲ್ಲ, ಜರ್ಮನಿಯ ಮಾರ್ಕ್ಲಿನ್ ಕಂಪನಿಯ 3 ವರ್ಷದ ಮೇಲಿನವರ 'ಮೈ ವರ್ಲ್ಡ್' ಥರದ್ದು, ಅದಕ್ಕೆ ಆ ದಾರಿ ಇಲ್ಲ. ಹೊಸ ಗಿರಾಕಿಯನ್ನು ಹುಟ್ಟಿಸುವುದು ಆ ಅಗ್ಗದ ಸೆಟ್ಟೇ. ಬಾಗಿಲು ಮುಚ್ಚಿರುವುದು ಅದಕ್ಕೇ. ಹೀಗೆ ಒಂದೇ ವಸ್ತು ಸುಂಕ ಕಟ್ಟುವಾಗ ಆಟಿಕೆ, ಗುರುತು ಕೇಳುವಾಗ ಆಟಿಕೆಯಲ್ಲ ಎಂದು ಸಾಧಿಸಬೇಕಾದ ಗೊಂದಲ. ಕಸ್ಟಮ್ಸ್ ಕಟ್ಟೆಯಲ್ಲಿ ಒಂದು ಪಾರ್ಸೆಲ್ ಎರಡು ತಿಂಗಳು ಕುಳಿತರೆ ಚಿಕ್ಕ ಅಂಗಡಿಯ ಉಸಿರೇ ಕಟ್ಟುತ್ತದೆ.

"ಗಲ್ಫಿನಿಂದ ಬರುವವರ ಬ್ಯಾಗಿನಲ್ಲಿ ಒಂದೊಂದೇ ತರಿಸಿದರೆ?" ಎಂದ. ನಮ್ಮೂರಿನಲ್ಲಿ ಈ ಪ್ರಶ್ನೆ ಬಾರದಿದ್ದರೆ ಆಶ್ಚರ್ಯ. ಬ್ಯಾಗೇಜಿನ ರಿಯಾಯಿತಿ ಇರುವುದು ಸ್ವಂತ ಬಳಕೆಯ ಸಾಮಾನಿಗೆ, ಮಾರಾಟಕ್ಕಲ್ಲ. ಬಿಲ್ಲಿಲ್ಲದ ಮಾಲಿಗೆ ವಾರಂಟಿ ಇಲ್ಲ, ಕೆಟ್ಟರೆ ಹಿಂದೆ ಕಳಿಸುವಂತಿಲ್ಲ. ಅಲ್ಲಿಗೇ ಆ ಮಾತು ಬಿಟ್ಟೆವು.

ಇಷ್ಟರವರೆಗೆ ಹೇಳಿದ್ದು ಬೆಂಗಳೂರಿನ ಅಂಗಡಿಗೂ ಹೊಂದುತ್ತದೆ. ಕಾಸರಗೋಡಿನದ್ದೇ ಆದ ತೊಡಕು ಬೇರೆ ಇದೆ.

ನಮ್ಮ ಊರು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ ಹೇಳಿತು, ಅದು ಹಾಗೆಯೇ ಉಳಿಯಿತು. ಆ ಹಳೆಯ ಕಥೆಯನ್ನು ಇಲ್ಲಿ ತೆಗೆದದ್ದು ಕಣ್ಣೀರು ಹಾಕಲಿಕ್ಕಲ್ಲ. ಅಂಗಡಿಯ ಬಿಲ್ ಪುಸ್ತಕದಲ್ಲಿ ಆ ಗೆರೆ ಇವತ್ತಿಗೂ ಕಾಣುತ್ತದೆ, ಅದಕ್ಕಾಗಿ. ಈ ವ್ಯಾಪಾರದ ಗಿರಾಕಿ ಎಲ್ಲಿದ್ದಾನೆ ಎಂದು ನೋಡಿದರೆ ಮಂಗಳೂರು, ಸುರತ್ಕಲ್, ಉಡುಪಿ, ಪುತ್ತೂರಿನ ಕಡೆ. ಇಂಜಿನಿಯರಿಂಗ್ ಕಾಲೇಜುಗಳು, ವೈದ್ಯರು, ರೈಲಿನ ಫೋಟೋ ತೆಗೆಯಲು ಸಕಲೇಶಪುರ ಘಾಟಿಗೆ ಹೋಗುವ ಹುಡುಗರು ಎಲ್ಲ ಆ ಕಡೆ. ಮಂಗಳೂರಿಗೆ ಇಲ್ಲಿಂದ ಸುಮಾರು 50 ಕಿಲೋಮೀಟರ್. ತಿರುವನಂತಪುರಕ್ಕೆ 550 ಮೀರುತ್ತದೆ. ಆದರೆ ಜಿಎಸ್‌ಟಿಯ ಕಣ್ಣಿನಲ್ಲಿ ತಿರುವನಂತಪುರ ಒಳಗಿನ ಊರು, ಮಂಗಳೂರು ಹೊರರಾಜ್ಯ.

ಇದರಿಂದ ಏನಾಗುತ್ತದೆ? ಒಂದು ರಾಜ್ಯದೊಳಗೇ ಮಾರುವ ಸಣ್ಣ ವ್ಯಾಪಾರಿಗೆ ವಹಿವಾಟು ಒಂದು ಮಿತಿ ದಾಟುವವರೆಗೆ ನೋಂದಣಿಯ ತಾಪತ್ರಯ ಇಲ್ಲ. ತೆರಿಗೆ ಇರುವ ಸರಕನ್ನು ಹೊರರಾಜ್ಯಕ್ಕೆ ಕಳಿಸುವವನಿಗೆ ಮಾತ್ರ ಒಂದು ರೂಪಾಯಿಯ ವ್ಯಾಪಾರಕ್ಕೂ ನೋಂದಣಿ ಕಡ್ಡಾಯ. ಚಿಕ್ಕವರಿಗೆ ಅನುಕೂಲವಾಗಲೆಂದು ಇರುವ ಕಾಂಪೋಸಿಷನ್ ಸ್ಕೀಮಿನಲ್ಲಿ ವ್ಯಾಪಾರಿ ವಹಿವಾಟಿನ ಶೇ. 1 ಕಟ್ಟಿ ನೆಮ್ಮದಿಯಾಗಿರಬಹುದು. ಆದರೆ ಆ ಸ್ಕೀಮಿನಲ್ಲಿದ್ದವನು ಹೊರರಾಜ್ಯಕ್ಕೆ ಮಾರುವಂತಿಲ್ಲ, ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಹಿಂದೆ ಪಡೆಯುವಂತೆಯೂ ಇಲ್ಲ. ಅಂದರೆ ಪುತ್ತೂರಿಗೆ ಒಂದು ಜೊತೆ ಚಕ್ರ ಪಾರ್ಸೆಲ್ ಮಾಡಬೇಕಾದರೆ ಇವನು ಮೊದಲ ದಿನದಿಂದಲೇ ಪೂರ್ತಿ ನೋಂದಣಿಯ ವ್ಯಾಪಾರಿ. ಮೂರು ತಿಂಗಳಿಗೊಮ್ಮೆಯಾದರೂ ಲೆಕ್ಕ ಸಲ್ಲಿಸಬೇಕು, ಅದಕ್ಕೊಬ್ಬ ಅಕೌಂಟೆಂಟ್ ಬೇಕು.

ಒಂದು ಸಂದು ಇದೆ. ಮಂಗಳೂರಿನವನು ತಾನೇ ಗಾಡಿ ಹತ್ತಿ ಬಂದು, ಅಂಗಡಿಯಲ್ಲೇ ಸಾಮಾನು ಕೈಗೆ ತೆಗೆದುಕೊಂಡರೆ ಅದು ಕೇರಳದೊಳಗಿನ ಮಾರಾಟವೇ. ಬಿಲ್ಲಿನಲ್ಲಿ ಗಿರಾಕಿಯ ಹೊರರಾಜ್ಯದ ವಿಳಾಸ ದಾಖಲಾಗದಿದ್ದರೆ ಮಾರಾಟದ ಜಾಗ ಅಂಗಡಿಯೇ. ಸ್ಟೇಷನ್ನಿನ ಹತ್ತಿರದ ಆ ಮಾಳಿಗೆ ಕೋಣೆಗೆ ಒಂದು ಅರ್ಥ ಬಂದದ್ದು ಆಗ. ಪೇಟೆಯ ಜವಳಿ ಸಾಲಿನಲ್ಲಿ ಇಮ್ಮಡಿ ಬಾಡಿಗೆ ಕೊಟ್ಟು ಕೂರುವುದಕ್ಕಿಂತ, ಬೆಳಗ್ಗಿನ ಗಾಡಿಯಲ್ಲಿ ಬಂದು ಸಂಜೆಯ ಗಾಡಿಯಲ್ಲಿ ಹೋಗುವ ಗಿರಾಕಿಗೆ ನಡೆದು ಮುಟ್ಟುವ ಜಾಗವೇ ಒಳ್ಳೆಯದು. ತಮಾಷೆ ಎಂದರೆ ರೈಲ್ವೆಯವರಿಗೆ ತಲಪಾಡಿಯ ರಾಜ್ಯ ಗಡಿ ಗೊತ್ತೇ ಇಲ್ಲ. ಕಾಸರಗೋಡೂ ಮಂಗಳೂರು ಸೆಂಟ್ರಲ್ಲೂ ಒಂದೇ ಪಾಲಕ್ಕಾಡ್ ವಿಭಾಗ.

ಗಿರಾಕಿ ಬಂದ ಎಂದೇ ಇಟ್ಟುಕೊಳ್ಳೋಣ. ಅವನು ಕೇಳುವುದೇನು? ಜರ್ಮನಿಯ ಉಗಿ ಎಂಜಿನ್ ಅಲ್ಲ. ತಾನು ಹತ್ತಿ ಬಂದ ಗಾಡಿಯನ್ನು ಕೇಳುತ್ತಾನೆ. ಹಳೆಯ ಮಾದರಿಯ ನೀಲಿ ಐಸಿಎಫ್ ಬೋಗಿ, ಹೊಸ ಮಾದರಿಯ ಕೆಂಪು ಎಲ್‌ಎಚ್‌ಬಿ, ಡಬ್ಲ್ಯುಎಪಿ-7 ಎಂಬ ಕರೆಂಟಿನ ಎಂಜಿನ್, ಘಾಟಿಯಲ್ಲಿ ಏದುಸಿರು ಬಿಡುತ್ತಿದ್ದ ಹಳೆಯ ಡೀಸೆಲ್. ದೊಡ್ಡ ವಿದೇಶಿ ಕಂಪನಿಗಳ ಕ್ಯಾಟಲಾಗಿನಲ್ಲಿ ಇವು ಕಾಣಸಿಗುವುದು ಅಪರೂಪ. ಅದಕ್ಕೊಂದು ತಾಂತ್ರಿಕ ತೊಡಕೂ ಇದೆ. 16.5 ಮಿ.ಮೀ. ಹಳಿಯನ್ನು 87ರಿಂದ ಗುಣಿಸಿದರೆ ಸುಮಾರು 1435 ಮಿ.ಮೀ. ಬರುತ್ತದೆ. ಅದು ಯುರೋಪು, ಅಮೆರಿಕದ ಗೇಜ್. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19.26 ಮಿ.ಮೀ. ಅಷ್ಟು ಅಗಲದ ಹಳಿ ಕೊಳ್ಳಲು ಸಿಗುವುದಿಲ್ಲ. ಆದ್ದರಿಂದ ಭಾರತೀಯ ಬೋಗಿಯನ್ನು ಸರಿಯಾದ ಅಳತೆಗೆ ಮಾಡಿ 16.5ರ ಹಳಿಯ ಮೇಲೆ ನಿಲ್ಲಿಸಿದರೆ, ದೊಡ್ಡ ಹೊಟ್ಟೆಯ ಮನುಷ್ಯ ಮಗುವಿನ ಚಪ್ಪಲಿ ಮೆಟ್ಟಿದ ಹಾಗೆ ಕಾಣುತ್ತದೆ. ಹೆಚ್ಚಿನವರು ಇದನ್ನು ನೋಡಿಯೂ ನೋಡದವರ ಹಾಗಿರುತ್ತಾರೆ. ನೋಡಿ ನಿದ್ದೆಗೆಡುವವರೂ ಉಂಟು.

ಉದ್ದದ್ದು ಇನ್ನೊಂದು ರಗಳೆ. ಎಲ್‌ಎಚ್‌ಬಿ ಬೋಗಿಯ ಉದ್ದ 23.5 ಮೀಟರ್ ಹತ್ತಿರ, ಎಚ್‌ಒದಲ್ಲಿ 27 ಸೆಂಟಿಮೀಟರ್. ಆರಂಭದ ಸೆಟ್ಟುಗಳ ಜೊತೆ ಬರುವ ಬಿಗಿ ತಿರುವಿನಲ್ಲಿ ಈ ಬೋಗಿಯ ಮೂತಿ ಒಂದು ಕಡೆ, ಹೊಟ್ಟೆ ಇನ್ನೊಂದು ಕಡೆ ಹೊರಬರುತ್ತದೆ. ನೋಡಲು ಚೆನ್ನಾಗಿರಬೇಕಾದರೆ 60 ಸೆಂಟಿಮೀಟರ್ ತ್ರಿಜ್ಯದ ತಿರುವಾದರೂ ಬೇಕು. ಅಂದರೆ ಅರ್ಧ ವೃತ್ತಕ್ಕೆ 120 ಸೆಂಟಿಮೀಟರ್. ನಾಲ್ಕಡಿ ಅಗಲದ ಪ್ಲೈವುಡ್ ಹಾಳೆ ಇರುವುದೇ 122. ಇಂಥ ವಿಷಯಗಳನ್ನು ಗಿರಾಕಿಗೆ ಕೊಳ್ಳುವ ಮೊದಲೇ ಹೇಳಬಲ್ಲವನು ಆನ್‌ಲೈನಿನಲ್ಲಿ ಸಿಗುವುದಿಲ್ಲ. ಅಂಗಡಿ ಎಂಬುದಕ್ಕೆ ಬೆಲೆ ಇರುವುದು ಇಲ್ಲೇ ಎಂದು ನನ್ನ ಅನಿಸಿಕೆ.

ಮಳೆಯ ವಿಷಯ ಇಬ್ಬರಿಗೂ ಮೊದಲು ಹೊಳೆದಿರಲಿಲ್ಲ. ಇಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ, ಜೊತೆಗೆ ಕಡಲಿನ ಉಪ್ಪುಗಾಳಿ. ಹಿತ್ತಾಳೆಯ ಹಳಿ ಬೇಗ ಕಪ್ಪಾಗುತ್ತದೆ, ಆ ಪದರದ ಮೂಲಕ ಕರೆಂಟು ಸರಿಯಾಗಿ ಹರಿಯುವುದಿಲ್ಲ, ರೈಲು ಮುಗ್ಗರಿಸುತ್ತದೆ. ನಿಕಲ್ ಸಿಲ್ವರ್ ಎನ್ನುವ ಮಿಶ್ರಲೋಹದ ಹಳಿ ವಾಸಿ. ಹೆಸರಿನಲ್ಲಿ ಬೆಳ್ಳಿ ಇದ್ದರೂ ಒಳಗೆ ಇರುವುದು ತಾಮ್ರ, ಸತು, ನಿಕಲ್ ಅಷ್ಟೇ. ಆಷಾಢದಲ್ಲಿ ಪ್ಲೈವುಡ್ ಉಬ್ಬಿದರೆ ಹಳಿಯ ಜೋಡಣೆ ತಪ್ಪುತ್ತದೆ. ರಟ್ಟಿನ ಪೆಟ್ಟಿಗೆಗೆ ಬೂಸಲು ಹಿಡಿದರೆ ಸಂಗ್ರಹಕಾರ ಅರ್ಧ ಬೆಲೆಗೂ ಕೊಳ್ಳುವುದಿಲ್ಲ. ಅವನಿಗೆ ಎಂಜಿನ್ನಿನಷ್ಟೇ ಪೆಟ್ಟಿಗೆಯೂ ಮುಖ್ಯ.

ಈ ವ್ಯಾಪಾರ ಎಲ್ಲಿ ಬೇರು ಬಿಟ್ಟಿದೆಯೋ ಅಲ್ಲೂ ಸುಖವಿಲ್ಲ. 1859ರಲ್ಲಿ ಹುಟ್ಟಿದ ಮಾರ್ಕ್ಲಿನ್ ತನ್ನ 150ನೇ ವರ್ಷದಲ್ಲೇ, 2009ರಲ್ಲಿ, ದಿವಾಳಿ ಅರ್ಜಿ ಹಾಕಿತು. ಆಮೇಲೆ ಬೇರೆಯವರ ಕೈಗೆ ಹೋಗಿ ಚೇತರಿಸಿಕೊಂಡಿತು. ಲಿವರ್‌ಪೂಲಿನಲ್ಲಿ 1946ರಲ್ಲಿ ಆರಂಭವಾದ ಹ್ಯಾಟನ್ಸ್ ಎಂಬ ಹೆಸರಾಂತ ಮಾಡೆಲ್ ರೈಲು ಅಂಗಡಿ 2024ರ ಜನವರಿಯಲ್ಲಿ ಬಾಗಿಲು ಹಾಕುವುದಾಗಿ ಸಾರಿತು. ಅದೂ ಆನ್‌ಲೈನ್ ಮಾರಾಟದಲ್ಲಿ ಪಳಗಿದ ಅಂಗಡಿ. ಅವರಿಗೇ ಹೀಗಾದರೆ ನಮಗೇನು ಎಂದು ಕೈಚೆಲ್ಲಬಹುದು. ನಾನು ಬೇರೆ ರೀತಿ ಓದುತ್ತೇನೆ. ಪೆಟ್ಟಿಗೆ ತರಿಸಿ ಪೆಟ್ಟಿಗೆ ಮಾರುವ ಕೆಲಸದಲ್ಲಿ ಇನ್ನು ಚಿಕ್ಕವನಿಗೆ ಜಾಗವಿಲ್ಲ, ಅಷ್ಟೇ.

ಹಾಗಾದರೆ ಆ ಕೋಣೆಯಲ್ಲಿ ಏನು ಮಾಡಬಹುದು? ಕೌಂಟರಿನ ಬದಲು ಒಂದು ಬೆಂಚು ಇಡು ಎಂದೆ. ರಿಪೇರಿಯಿಂದ ಶುರು ಮಾಡು. ಗಲ್ಫಿನಿಂದ, ಅಮೆರಿಕದಿಂದ ಬಂದು ಅಟ್ಟ ಸೇರಿರುವ ಸೆಟ್ಟುಗಳು ಎಷ್ಟೋ ಮನೆಗಳಲ್ಲಿವೆ. ಚಕ್ರದ ಕೊಳೆ ತೆಗೆದು, ಮೋಟಾರಿಗೆ ಒಂದು ತೊಟ್ಟು ಎಣ್ಣೆ ಬಿಟ್ಟು, ಬಿಟ್ಟುಹೋದ ವೈರಿಗೆ ಬೆಸುಗೆ ಹಾಕಿದರೆ ಅರ್ಧಕ್ಕರ್ಧ ಓಡುತ್ತವೆ. ಹಳೆಯ 12 ವೋಲ್ಟಿನ ಎಂಜಿನ್ನಿಗೆ ಡಿಕೋಡರ್ ಎಂಬ ಪುಟ್ಟ ಸರ್ಕ್ಯೂಟ್ ಕೂರಿಸಿ ಡಿಸಿಸಿಗೆ ಬದಲಿಸಿಕೊಡುವ ಕೆಲಸಕ್ಕೆ ಕೈಕೂಲಿ ಕೇಳಬಹುದು. ಡಿಸಿಸಿ ಎಂದರೆ ಒಂದೇ ಹಳಿಯ ಮೇಲೆ ಎರಡು ಎಂಜಿನ್‌ಗಳನ್ನು ಬೇರೆ ಬೇರೆಯಾಗಿ ಓಡಿಸುವ ಡಿಜಿಟಲ್ ವ್ಯವಸ್ಥೆ. ಈ ಕೈಕೂಲಿಗೆ ಯಾವ ಬಂದರಿನಲ್ಲೂ 70 ಶೇಕಡಾ ಸುಂಕ ಇಲ್ಲ.

ಎರಡನೆಯದು, ನಮ್ಮ ರೈಲನ್ನು ನಾವೇ ಮಾಡುವುದು. ಚಾಸಿ, ಮೋಟಾರು ಹೊರಗಿನದ್ದಾದರೂ ಮೇಲಿನ ಬೋಗಿಯ ಕವಚವನ್ನು ತ್ರೀಡಿ ಪ್ರಿಂಟರಿನಲ್ಲಿ ತೆಗೆದು ಬಣ್ಣ ಹಚ್ಚಬಹುದು. ಬಣ್ಣ ಹಚ್ಚುವ ಕೈಗಳಿಗೆ ಇಲ್ಲಿ ಬರವಿಲ್ಲ. ಅಂಗುಲದಷ್ಟು ಜಾಗದಲ್ಲಿ ವೀರಕಸೆ, ಭುಜಕೀರ್ತಿ ಕೂರಿಸುವ ಯಕ್ಷಗಾನ ಬೊಂಬೆಯಾಟದ ಪರಂಪರೆ ಇರುವ ಊರಿದು. ಸ್ಟೇಷನ್ ಕಟ್ಟಡ, ಹಂಚಿನ ಮನೆ, ಅಡಿಕೆ ತೋಟ, ಚಂದ್ರಗಿರಿ ಸೇತುವೆ ಇವನ್ನೆಲ್ಲ ಎಚ್‌ಒ ಅಳತೆಗೆ ಮಾಡಿಕೊಟ್ಟರೆ ವಿದೇಶದಲ್ಲಿರುವ ನಮ್ಮವರೂ ಕೊಂಡಾರು. ವಿದೇಶದ ಪೈನ್ ಮರ ನಟ್ಟ ಲೇಔಟಿನಲ್ಲಿ ಮಾವೇಲಿ ಎಕ್ಸ್‌ಪ್ರೆಸ್ ಓಡಿದರೆ ಯಾರಿಗೆ ಸಮಾಧಾನ?

ನೋಡುವವರ ದುಡ್ಡನ್ನೂ ಮರೆಯಬಾರದು. ಪುಣೆಯ ಕೋಥ್ರೂಡಿನಲ್ಲಿ ಜೋಶಿಯವರ ಪುಟಾಣಿ ರೈಲುಗಳ ಸಂಗ್ರಹಾಲಯ 1998ರಿಂದ ಇದೆ, ಜನ ಟಿಕೆಟ್ ಕೊಟ್ಟು ನೋಡಿ ಬರುತ್ತಾರೆ. ಅಷ್ಟು ದೊಡ್ಡದು ಬೇಡ. ಮಡಚಿ ಒಯ್ಯುವಂಥ ಒಂದು ಲೇಔಟ್ ಇದ್ದರೆ ಶಾಲೆಯ ವಿಜ್ಞಾನ ಮೇಳಕ್ಕೆ ಕರೆಯುತ್ತಾರೆ. ಡಿಸೆಂಬರ್‌ನಲ್ಲಿ ಬೇಳ, ಮಂಜೇಶ್ವರದ ಕಡೆ ಇಗರ್ಜಿಗಳಲ್ಲಿ ಗೋದಲಿ ಕಟ್ಟುವವರಿಗೆ ಸುತ್ತಲೂ ಓಡುವ ರೈಲನ್ನು ನಾಲ್ಕು ದಿನದ ಬಾಡಿಗೆಗೆ ಕೊಡಬಹುದು. ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳಲ್ಲಿ ಸಿಗ್ನಲ್, ಸೆನ್ಸರ್ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠದ ಸಾಮಾನು ನನಗಂತೂ ತೋಚದು. ಬೆಸುಗೆ ಕಡ್ಡಿ, ಸಣ್ಣ ಗರಗಸ, ಬಣ್ಣ, ಗೋಂದು, ಬಾಲ್ಸಾ ಮರ ಇವನ್ನು ಕೊಳ್ಳಲು ಪೊವ್ವಲಿನ ಇಂಜಿನಿಯರಿಂಗ್ ಹುಡುಗರೂ ಬರುತ್ತಾರೆ. ರೈಲಿನ ಹುಚ್ಚಿಲ್ಲದವರ ದುಡ್ಡೂ ದುಡ್ಡೇ.

ಇಷ್ಟೆಲ್ಲ ಹೇಳಿದ ಮೇಲೂ, ಮೊದಲ ಎರಡು ವರ್ಷ ಇದು ಅವನ ಮನೆ ನಡೆಸುತ್ತದೆಂದು ನನಗೆ ನಂಬಿಕೆ ಇಲ್ಲ. ಹಾಗೆಂದೇ ಹೇಳಿದೆ. ಸಹಾಯಕ ಬೇಡ, ಬೆಳಗ್ಗೆ ಬೇರೆ ಕೆಲಸ, ಮಧ್ಯಾಹ್ನದ ಮೇಲೆ ಅಂಗಡಿ ಎಂಬ ಒಪ್ಪಂದಕ್ಕೆ ಬಂದೆವು. ಆ ಹೊತ್ತಿಗೆ ಅವನ ತಲೆಯಲ್ಲಿ ಪ್ರದರ್ಶನದ ಲೇಔಟ್ ಓಡುತ್ತಿತ್ತು. ಕಾಞಂಗಾಡಿನಿಂದ ಪಾಣತ್ತೂರು ದಾರಿಯಾಗಿ ಕಾಣಿಯೂರಿಗೆ ಹೋಗುವ ಸುಮಾರು 90 ಕಿಲೋಮೀಟರಿನ ರೈಲು ಮಾರ್ಗ ವರ್ಷಗಟ್ಟಲೆಯಿಂದ ಕಾಗದದಲ್ಲೇ ಇದೆಯಲ್ಲ, ಅದನ್ನೇ ಕಟ್ಟುತ್ತಾನಂತೆ. ಎಚ್‌ಒ ಅಳತೆಗೆ ನಿಯತ್ತಾಗಿ ಕಟ್ಟಿದರೆ ಅದು ಒಂದು ಕಿಲೋಮೀಟರ್ ಮೀರುತ್ತದೆ ಎಂದು ನಾನು ಭಾಗಿಸಿ ತೋರಿಸಿದೆ. "ನಡುವಿನ ಕಾಡು ಸ್ವಲ್ಪ ಕಮ್ಮಿ ಮಾಡುವ ಮಾಷ್ಟ್ರೇ" ಎಂದ. ಸದ್ಯಕ್ಕೆ ಪ್ಲೈವುಡ್ ಎರಡು ಹಾಳೆ ಸಾಕಂತೆ, ಮಳೆ ಬಿಟ್ಟ ಮೇಲೆ ತರುವುದೆಂದು ಆಗಿದೆ.